‘ನೋಂಬು ಮುಗಿಯಲಿ ಡಾಕ್ಟ್ರೇ’: ಮುಂದೂಡಿದ ಹಲ್ಲಿನ ವರ್ಷದ ಲೆಕ್ಕ

ಹಲ್ಲು ನೋವು ಶುರುವಾದ ದಿನವೇ ಡಾಕ್ಟರ ಬಾಗಿಲು ತಟ್ಟುವವರು ಕಡಿಮೆ. ಮೊದಲು ಲವಂಗ, ಆಮೇಲೆ ಉಪ್ಪುನೀರು, ಆಮೇಲೆ ಮೆಡಿಕಲ್‌ನಿಂದ ತಂದ ಎರಡು ಮಾತ್ರೆ. ನೋವು ಎರಡು ದಿನ ಸುಮ್ಮನಾದರೆ ‘ಗುಣ ಆಯಿತು’ ಅಂತ ಸಮಾಧಾನ. ಕೊನೆಗೆ ಒಂದು ರಾತ್ರಿ ನಿದ್ದೆಯೇ ಹೋದಾಗ, ಕೆನ್ನೆಗೆ ಕೈ ಹಿಡಿದುಕೊಂಡು ಕ್ಲಿನಿಕ್‌ಗೆ ಬರುವುದು.

ಹಾರೋಹಳ್ಳಿಯ ನಮ್ಮ ಕ್ಲಿನಿಕ್‌ನಲ್ಲಿ ಈ ಮಧ್ಯದ ದಿನಗಳಿಗೆ ಸಿಗುವ ಕಾರಣಗಳನ್ನು ತಿಂಗಳವಾರು ಬರೆದಿಟ್ಟರೆ ಅದೇ ಒಂದು ಕ್ಯಾಲೆಂಡರ್ ಆದೀತು. ರಮಝಾನ್‌ನಲ್ಲಿ ‘ನೋಂಬು ಮುಗಿಯಲಿ ಡಾಕ್ಟ್ರೇ’. ಪೆರ್ನಾಲ್ ಕಳೆದ ಮೇಲೆ ‘ಮಕ್ಕಳ ಪರೀಕ್ಷೆ ಇದೆ’. ಬೇಸಿಗೆಯಲ್ಲಿ ‘ಊರಿಗೆ ಹೋಗ್ತಾ ಇದ್ದೇವೆ, ಅಲ್ಲೇ ಮಾಡಿಸ್ತೇವೆ’. ಮಳೆಗಾಲದಲ್ಲಿ ‘ಈಗ ವ್ಯಾಪಾರ ಡಲ್ ಮಾರಾಯ್ರೆ’. ಮದುವೆ ಸೀಸನ್‌ನಲ್ಲಂತೂ ಹೇಳುವುದೇ ಬೇಡ. ಕಾರಣಗಳು ಬದಲಾಗುತ್ತವೆ, ಹಲ್ಲಿನೊಳಗಿನ ತೂತು ಮಾತ್ರ ಎಲ್ಲ ತಿಂಗಳಲ್ಲೂ ಒಂದೇ ವೇಗದಲ್ಲಿ ಒಳಗೆ ಇಳಿಯುತ್ತಿರುತ್ತದೆ.

ಗಂಡ ಹೆಂಡತಿ ಇಬ್ಬರೂ ದಂತವೈದ್ಯರಾಗಿ, ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರು ನಾವು. ಬೇಕರಿ, ಹೋಟೆಲ್, ಜ್ಯೂಸ್ ಅಂಗಡಿ ಅಂತ ದಕ್ಷಿಣ ಕನ್ನಡದಿಂದ ಹೊರಟು ರಾಜ್ಯದ ಮೂಲೆ ಮೂಲೆಯಲ್ಲಿ ಬದುಕು ಕಟ್ಟಿಕೊಂಡ ಬ್ಯಾರಿ ಕುಟುಂಬಗಳ ಬಾಯಿಯ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿದ್ದು ಇದೇ ಕಾರಣಕ್ಕೆ.

ಎರಡು ಊರಿನ ನಡುವೆ ಹಾಳಾಗುವ ಹಲ್ಲು

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹಾರೋಹಳ್ಳಿ ಈಗ ತಾಲೂಕು ಕೇಂದ್ರ. ಕೆಐಎಡಿಬಿ ಕೈಗಾರಿಕಾ ಪ್ರದೇಶ ಬಂತು, ದಯಾನಂದ ಸಾಗರ್ ವಿಶ್ವವಿದ್ಯಾಲಯದ ಕ್ಯಾಂಪಸ್ ಮತ್ತು ವೈದ್ಯಕೀಯ ಕಾಲೇಜು ಬಂದವು. ಶಿಫ್ಟ್ ಮುಗಿಸಿ ಬರುವ ಕಾರ್ಮಿಕರು, ಹಾಸ್ಟೆಲ್ ಹುಡುಗರು ಇರುವ ಕಡೆ ಟೀ, ಬನ್ನು, ಪಫ್ಸ್ ವ್ಯಾಪಾರ ಇದ್ದೇ ಇರುತ್ತದೆ. ಅಂಥ ಅಂಗಡಿಯ ಶಟರ್ ಬೆಳಗ್ಗೆ ಐದಕ್ಕೇ ಮೇಲಕ್ಕೆ ಹೋದರೆ ಕೆಳಗೆ ಬರುವುದು ರಾತ್ರಿ ಹನ್ನೊಂದಕ್ಕೆ. ಗಲ್ಲಾದಲ್ಲಿ ಕುಳಿತವನಿಗೆ ಹಲ್ಲು ತೋರಿಸಲು ಒಂದು ಗಂಟೆ ಬಿಡುವು ಮಾಡಿಕೊಳ್ಳುವುದು ಸುಲಭವಲ್ಲ ಅನ್ನುವುದು ನಮಗೂ ಗೊತ್ತು.

ಅದಕ್ಕೇ ‘ಊರಿಗೆ ಹೋದಾಗ’ ಅನ್ನುವ ಮಾತು. ಊರಿನಲ್ಲಿ ಒಳ್ಳೆಯ ಡಾಕ್ಟರಿಗೆ ಬರವಿಲ್ಲ ನಿಜ. ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜು ಇದೆ, 1992ರಿಂದ ಯೇನೆಪೋಯ ಡೆಂಟಲ್ ಕಾಲೇಜು ಇದೆ. ಆದರೆ ಊರಿಗೆ ಹೋಗುವುದು ಮೂರು ದಿನಕ್ಕೆ. ಅದರಲ್ಲಿ ಒಂದು ದಿನ ಮದುವೆ, ಒಂದು ದಿನ ಸಂಬಂಧಿಕರ ಮನೆ, ಮೂರನೇ ದಿನ ಸಂಜೆ ಮತ್ತೆ ಬಸ್ಸು. ರೂಟ್ ಕೆನಾಲ್‌ಗೆ ಎರಡು ಮೂರು ಸಲ ಹೋಗಬೇಕು, ಅದರ ಮೇಲೆ ಕ್ಯಾಪ್ ಕೂರಿಸಲು ಇನ್ನೊಂದು ವಾರ ಹಿಡಿಯಬಹುದು. ಹಾಗಾಗಿ ಊರಿನ ಡಾಕ್ಟರು ಹಲ್ಲು ತೆರೆದು ಮದ್ದಿಟ್ಟು, ಮೇಲೆ ತಾತ್ಕಾಲಿಕ ಸಿಮೆಂಟ್ ಹಾಕಿ ‘ಮುಂದಿನ ವಾರ ಬನ್ನಿ’ ಅನ್ನುತ್ತಾರೆ. ನೋವು ನಿಂತಿರುತ್ತದೆ, ಮುಂದಿನ ವಾರ ಬರುವುದೇ ಇಲ್ಲ. ಆರು ತಿಂಗಳಾದ ಮೇಲೆ ಆ ಸಿಮೆಂಟ್ ಉದುರಿ, ಹಲ್ಲು ಒಡೆದು, ಬೇರು ಮಾತ್ರ ಉಳಿದ ಸ್ಥಿತಿಯಲ್ಲಿ ನಮ್ಮ ಮುಂದೆ ಕುಳಿತಿರುತ್ತಾರೆ. ಉಳಿಯಬಹುದಾಗಿದ್ದ ಹಲ್ಲು ಎರಡು ಊರಿನ ನಡುವಿನ ರಸ್ತೆಯಲ್ಲಿ ಕಳೆದುಹೋಗಿರುತ್ತದೆ.

ಗಲ್ಫ್‌ನಿಂದ ಒಂದು ತಿಂಗಳ ರಜೆಯಲ್ಲಿ ಬರುವವರದೂ ಇದೇ ಕಥೆ. ಅಲ್ಲಿ ಹಲ್ಲಿನ ಚಿಕಿತ್ಸೆ ದುಬಾರಿ ಅಂತ ಎರಡು ವರ್ಷ ತಡೆದುಕೊಂಡು, ಇಲ್ಲಿ ರಜೆಯ ಕೊನೆಯ ವಾರ ಬಂದು ‘ಎಲ್ಲ ಒಟ್ಟಿಗೆ ಮಾಡಿಕೊಡಿ’ ಅನ್ನುತ್ತಾರೆ. ಇಂಪ್ಲಾಂಟ್ ಹಾಕಿದರೆ ಮೂಳೆ ಅದನ್ನು ಹಿಡಿದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಹಲ್ಲು ನೇರ ಮಾಡುವ ಕ್ಲಿಪ್ ಆದರೆ ಒಂದೂವರೆ, ಎರಡು ವರ್ಷ. ರಜೆಯ ಮೊದಲ ವಾರವೇ ಎಕ್ಸ್‌ರೇ ತೆಗೆಸಿಕೊಂಡರೆ, ಈ ರಜೆಯಲ್ಲಿ ಯಾವುದು ಆಗುತ್ತದೆ, ಯಾವುದು ಮುಂದಿನ ರಜೆಗೆ ಅಂತ ಲೆಕ್ಕ ಹಾಕಬಹುದು.

ಎಲ್ಲಿ ಮಾಡಿಸಿದರೂ ಸರಿ. ಶುರು ಮಾಡಿದ ಊರಲ್ಲೇ ಮುಗಿಸಿ. ಆಗದೇ ಹೋದರೆ ಎಕ್ಸ್‌ರೇ ಮತ್ತು ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಇನ್ನೊಂದು ಊರಲ್ಲಿ ಮುಂದುವರಿಸಿ.

ಉಪವಾಸದಲ್ಲಿ ಹಲ್ಲಿನ ಚಿಕಿತ್ಸೆ

ರಮಝಾನ್ ಪ್ರತಿ ವರ್ಷ ಹತ್ತು, ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಅದು ಯಾವ ಋತುವಿನಲ್ಲಿ ಬಂದರೂ ಹದಿಮೂರು ಗಂಟೆಯ ಆಚೀಚೆ ನೀರಿಲ್ಲದೆ ಇರುವಾಗ ಬಾಯಿಯಲ್ಲಿ ಆಗುವುದು ಒಂದೇ: ಜೊಲ್ಲು ಕಡಿಮೆಯಾಗುತ್ತದೆ. ಹಲ್ಲನ್ನು ಹಗಲಿಡೀ ತೊಳೆಯುತ್ತಾ, ಆಮ್ಲವನ್ನು ತಣಿಸುತ್ತಾ ಇರುವುದು ಈ ಜೊಲ್ಲೇ. ಅದು ಕಡಿಮೆಯಾದಾಗ ಹಲ್ಲಿನ ಸಂದಿಯಲ್ಲಿ ಕುಳಿತ ಆಹಾರಕ್ಕೆ, ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಕಾಲ. ಸಹರಿ ಮುಗಿಸಿ ಬಾಯಿ ತೊಳೆಯದೆ ಮಲಗಿದವರಿಗೆ ಹಗಲಿಡೀ ಅದೇ ಬಾಯಿ.

ಚಿಕಿತ್ಸೆಯ ಪ್ರಶ್ನೆಗೆ ಬರೋಣ. ‘ಹಲ್ಲು ಕೀಳಿಸಿದರೆ ನೋಂಬು ಮುರಿಯುತ್ತದಾ?’ ಇದನ್ನು ಪ್ರತಿ ರಮಝಾನ್‌ನಲ್ಲೂ ಕೇಳುತ್ತಾರೆ. ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 1997ರಲ್ಲಿ ಜಿದ್ದಾದಲ್ಲಿ ನಡೆಸಿದ ತನ್ನ ಹತ್ತನೇ ಅಧಿವೇಶನದಲ್ಲಿ ವೈದ್ಯಕೀಯ ಚಿಕಿತ್ಸೆ ಮತ್ತು ಉಪವಾಸದ ವಿಷಯವನ್ನು ಚರ್ಚಿಸಿತ್ತು. ಹಲ್ಲು ಕೊರೆಯುವುದು, ಕೀಳುವುದು, ಸ್ವಚ್ಛ ಮಾಡುವುದು, ಮಿಸ್ವಾಕ್ ಅಥವಾ ಬ್ರಷ್ ಬಳಸುವುದು, ಗಂಟಲಿಗೆ ಬಂದದ್ದನ್ನು ನುಂಗದೇ ಇದ್ದರೆ, ಉಪವಾಸವನ್ನು ಮುರಿಯುವುದಿಲ್ಲ ಎಂಬುದು ಅದರ ತೀರ್ಮಾನ. ನಾವು ಬ್ಯಾರಿಗಳು ಶಾಫಿ ಮದ್ಹಬ್ ಅನುಸರಿಸುವವರು. ಸೂಕ್ಷ್ಮ ವಿವರಗಳನ್ನು ನಿಮ್ಮ ಜಮಾಅತ್‌ನ ಖತೀಬರಲ್ಲಿ ಕೇಳಿ ಮನಸ್ಸು ಹಗುರ ಮಾಡಿಕೊಳ್ಳಿ. ಡಾಕ್ಟರಾಗಿ ನಾವು ಹೇಳುವುದಿಷ್ಟು: ರಕ್ತವೋ ನೀರೋ ಗಂಟಲಿಗಿಳಿಯುವ ಭಯ ಇದ್ದರೆ ಇಫ್ತಾರ್ ನಂತರ, ತರಾವೀಹ್ ಮುಗಿಸಿ ಬನ್ನಿ. ನಿಮ್ಮ ಡಾಕ್ಟರಿಗೆ ಮೊದಲೇ ಒಂದು ಫೋನ್ ಮಾಡಿದರೆ ರಾತ್ರಿಯ ಸಮಯ ಹೊಂದಿಸಿಕೊಡುವವರು ಸಿಗುತ್ತಾರೆ.

ಆದರೆ ಕಾಯಲೇಬಾರದ ಸಂದರ್ಭ ಒಂದಿದೆ. ಮುಖ ಊದಿಕೊಂಡು ಜ್ವರ ಬಂದಿದೆ, ಊತ ದವಡೆಯ ಕೆಳಗೆ ಕುತ್ತಿಗೆಯ ಕಡೆ ಇಳಿಯುತ್ತಿದೆ, ನುಂಗಲು ಕಷ್ಟ, ಬಾಯಿ ತೆರೆಯಲು ಕಷ್ಟ. ಇದು ಹಲ್ಲಿನ ಕೀವು ಕುತ್ತಿಗೆಗೆ ಹರಡುತ್ತಿರುವ ಲಕ್ಷಣ. ಉಸಿರಾಟಕ್ಕೇ ತೊಂದರೆಯಾಗಿ ಜೀವಕ್ಕೆ ಅಪಾಯ ಆಗಬಹುದು. ರೋಗಿಗೆ ಉಪವಾಸ ಬಿಡಲು, ಆಮೇಲೆ ಖಝಾ ವೀಟಲು ಧರ್ಮದಲ್ಲೇ ಅವಕಾಶ ಇದೆ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಅಂಥ ಊತಕ್ಕೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ನೋವಿನ ಮಾತ್ರೆಯನ್ನು ಹಲ್ಲಿನ ಪಕ್ಕದಲ್ಲಿ ಇಟ್ಟುಕೊಳ್ಳುವ ಅಭ್ಯಾಸವೂ ಬೇಡ, ಅದು ವಸಡನ್ನು ಸುಡುತ್ತದೆ.

ಮಿಸ್ವಾಕ್ ಬಗ್ಗೆ ಎರಡು ಮಾತು. ಅರಾಕ್ ಮರದ ಈ ಕಡ್ಡಿ ಸುನ್ನತ್ ಕೂಡಾ ಹೌದು, ಸರಿಯಾಗಿ ಬಳಸಿದರೆ ಒಳ್ಳೆಯ ಬ್ರಷ್ ಕೂಡಾ ಹೌದು. ತುದಿಯನ್ನು ನೀರಿನಲ್ಲಿ ನೆನೆಸಿ, ಜಗಿದು ಎಳೆ ಬಿಡಿಸಿ, ವಸಡಿನಿಂದ ಹಲ್ಲಿನ ಕಡೆಗೆ ಮೆಲ್ಲಗೆ ಉಜ್ಜಬೇಕು. ಎಳೆ ಸವೆದ ತುದಿಯನ್ನು ಕತ್ತರಿಸಿ ಹೊಸದು ಮಾಡಿಕೊಳ್ಳಬೇಕು. ತಿಂಗಳುಗಟ್ಟಲೆ ಜೇಬಿನಲ್ಲಿಟ್ಟು ಒಣಗಿದ ಕಡ್ಡಿಯಲ್ಲಿ ಗರಗಸದ ಹಾಗೆ ಉಜ್ಜಿದರೆ ವಸಡು ಕೆಳಗಿಳಿದು ಬೇರು ಹೊರಗೆ ಕಾಣುತ್ತದೆ. ಶಾಫಿ ಮದ್ಹಬ್‌ನಲ್ಲಿ ಉಪವಾಸಿಗೆ ಮಧ್ಯಾಹ್ನದ ನಂತರ ಮಿಸ್ವಾಕ್ ಕರಾಹತ್ ಅನ್ನುವುದು ನಮ್ಮ ಮನೆಗಳಲ್ಲಿ ಗೊತ್ತಿರುವ ವಿಷಯವೇ. ಆದ್ದರಿಂದ ಸಹರಿ ನಂತರ ಸುಬ್ಹಿ ಬಾಂಗಿಗೆ ಮೊದಲು ಒಂದು ಸಲ ಪೇಸ್ಟ್ ಹಾಕಿ ಬ್ರಷ್ ಮಾಡಿ, ಬೆಳಗ್ಗಿನ ಹೊತ್ತು ಮಿಸ್ವಾಕ್ ಬಳಸಿ, ರಾತ್ರಿ ಮಲಗುವ ಮುಂಚೆ ಮತ್ತೊಮ್ಮೆ ಬ್ರಷ್ ಮಾಡಿದರೆ ದಿನದ ಲೆಕ್ಕ ಸರಿಯಾಯಿತು. ಹಲ್ಲಿನ ಸಂದಿಗೂ ಹಿಂದಿನ ದವಡೆ ಹಲ್ಲಿಗೂ ಕಡ್ಡಿ ತಲುಪುವುದು ಕಷ್ಟ. ಹಾಗಾಗಿ ಬ್ರಷ್ ಬಿಡಬಾರದು.

ಇಫ್ತಾರ್‌ಗೆ ಖರ್ಜೂರ ತಿನ್ನಿ, ಕೂಡಲೇ ನೀರು ಕುಡಿಯಿರಿ. ತೊಂದರೆ ಮಾಡುವುದು ಇಫ್ತಾರ್‌ನಿಂದ ಮಧ್ಯರಾತ್ರಿವರೆಗೆ ಗುಟುಕು ಗುಟುಕಾಗಿ ಕುಡಿಯುವ ಶರ್ಬತ್ತು. ಸಕ್ಕರೆಯ ಪ್ರಮಾಣ ಎಷ್ಟೋ ಅಷ್ಟೇ ಮುಖ್ಯ, ಅದು ದಿನಕ್ಕೆ ಎಷ್ಟು ಸಲ ಬಾಯಿಗೆ ಬಂತು ಅನ್ನುವುದು. ಕುಡಿಯುವುದಾದರೆ ಊಟದ ಜೊತೆಗೇ ಕುಡಿದು ಮುಗಿಸಿ. ಬಚ್ಚಂಗಾಯಿ ತಿನ್ನಿ, ಸಕ್ಕರೆ ಹಾಕದ ಬೊಂಡ ಕುಡಿಯಿರಿ. ಲಿಂಬೆ ಶರ್ಬತ್ ಕುಡಿದರೆ ಅರ್ಧ ಗಂಟೆ ಬಿಟ್ಟು ಬ್ರಷ್ ಮಾಡಿ, ಹುಳಿಗೆ ಮೆತ್ತಗಾದ ಹಲ್ಲಿನ ಮೇಲ್ಪದರ ಅಷ್ಟರಲ್ಲಿ ಸ್ವಲ್ಪ ಗಟ್ಟಿಯಾಗಿರುತ್ತದೆ. ಸಕ್ಕರೆ ಕಾಯಿಲೆ ಇರುವ ಹಿರಿಯರು ಉಪವಾಸಕ್ಕೆ ಮುಂಚೆ ಮಾತ್ರೆಯ ಸಮಯವನ್ನು ವೈದ್ಯರಲ್ಲಿ ಹೇಗೆ ಕೇಳುತ್ತಾರೋ ಹಾಗೆಯೇ ವಸಡನ್ನೂ ತೋರಿಸಬೇಕು. ಸಕ್ಕರೆ ಏರಿದರೆ ವಸಡಿನ ರೋಗ ಹೆಚ್ಚುತ್ತದೆ, ವಸಡಿನ ಸೋಂಕು ಹೆಚ್ಚಿದರೆ ಸಕ್ಕರೆಯನ್ನು ಹತೋಟಿಗೆ ತರುವುದೂ ಕಷ್ಟ.

ಬಾಯಿ ಮುಕ್ಕಳಿಸುವ ಮೌತ್‌ವಾಶ್‌ನಲ್ಲಿ ಆಲ್ಕೋಹಾಲ್ ಇರುತ್ತದಲ್ಲ ಅಂತ ಕೇಳುವವರಿದ್ದಾರೆ. ಆಲ್ಕೋಹಾಲ್ ಇಲ್ಲದ್ದೇ ಅಂಗಡಿಯಲ್ಲಿ ಸಿಗುತ್ತದೆ, ಕೇಳಿ ತೆಗೆದುಕೊಳ್ಳಿ.

ಹಾಲು ಹಲ್ಲು ಹೇಗೂ ಬೀಳುತ್ತದಲ್ಲ?

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಸರದಿ. ಉಮ್ಮಂದಿರು ಹೇಳುವ ಮಾತು ಒಂದೇ: ‘ಹಾಲು ಹಲ್ಲಲ್ಲವಾ, ಹೇಗೂ ಬೀಳ್ತದೆ, ಎಂಥಕ್ಕೆ ತುಂಬಿಸುವುದು?’

ಮುಂದಿನ ಹಾಲು ಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ ನಿಜ. ಆದರೆ ಹಿಂದಿನ ಹಾಲು ದವಡೆ ಹಲ್ಲು ಹತ್ತು, ಹನ್ನೆರಡು ವರ್ಷದವರೆಗೆ ಇರಬೇಕು. ನಾಲ್ಕು ವರ್ಷಕ್ಕೇ ಅದು ಹುಳುಕಾಗಿ ಕಿತ್ತರೆ, ಮುಂದೆ ಬರುವ ಹಲ್ಲಿನ ಜಾಗಕ್ಕೆ ಪಕ್ಕದ ಹಲ್ಲು ವಾಲಿಕೊಳ್ಳುತ್ತದೆ. ಆಮೇಲೆ ಬರುವುದು ಸೊಟ್ಟ ಹಲ್ಲು, ಅದಕ್ಕೆ ಕ್ಲಿಪ್, ಅದಕ್ಕೆ ಖರ್ಚು. ಇನ್ನೂ ಮುಖ್ಯ ವಿಷಯ, ಆರು ವರ್ಷಕ್ಕೆ ಎಲ್ಲ ಹಾಲು ಹಲ್ಲಿನ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಹಲ್ಲು ಬಿದ್ದಿಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲು ಹಲ್ಲೇ ಅಂದುಕೊಳ್ಳುತ್ತಾರೆ. ಅದು ಜೀವನವಿಡೀ ಇರಬೇಕಾದ ಹಲ್ಲು. ಮಗುವಿಗೆ ಆರು ವರ್ಷ ತುಂಬಿದಾಗ ಬಾಯಿ ತೆರೆಸಿ ಒಮ್ಮೆ ಹಿಂದೆ ನೋಡಿ.

ರಾತ್ರಿ ಬಾಟಲಿ ಹಾಲು ಬಾಯಲ್ಲಿಟ್ಟು ಮಲಗಿಸುವುದು, ನಿಪ್ಪಲ್ ಅನ್ನು ಜೇನಿನಲ್ಲೋ ಸಕ್ಕರೆಯಲ್ಲೋ ಅದ್ದಿ ಕೊಡುವುದು, ಅಂಗಡಿಯಲ್ಲಿ ಅತ್ತ ಮಗುವಿನ ಕೈಗೆ ಉಪ್ಪ ಒಂದು ಕ್ರೀಮ್ ಬನ್ ಕೊಟ್ಟು ಸುಮ್ಮನಾಗಿಸುವುದು, ಇವು ಮೂರು ನಿಂತರೆ ನಮ್ಮ ಅರ್ಧ ಕೆಲಸ ಕಡಿಮೆಯಾಗುತ್ತದೆ. ಬೇಕರಿ ಮನೆಯ ಮಗುವಿಗೆ ತಿಂಡಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತದೆ. ಪೂರ್ತಿ ಬೇಡ ಅನ್ನಲಾಗುವುದಿಲ್ಲ. ಸಂಜೆ ಒಂದು ಹೊತ್ತು ಅಂತ ಗೊತ್ತು ಮಾಡಿ, ತಿಂದ ಮೇಲೆ ನೀರು ಕುಡಿಸಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಏಳೆಂಟು ವರ್ಷದವರೆಗೆ ಬ್ರಷ್ ಹಿಡಿಯುವ ಕೈ ದೊಡ್ಡವರದ್ದಾಗಿರಲಿ.

ಮುರಕಲ್ಲಿನ ಬಾವಿ, ಬಂಡೆಯ ಬೋರ್‌ವೆಲ್

ಒಂದೇ ಉಮ್ಮನ ಇಬ್ಬರು ಮಕ್ಕಳು. ಊರಿನಲ್ಲಿ ಅಜ್ಜಿ ಮನೆಯಲ್ಲಿ ಬೆಳೆದವನ ಹಲ್ಲು ಒಂದು ಥರ, ಇಲ್ಲಿ ಹುಟ್ಟಿ ಬೆಳೆದವಳ ಮುಂದಿನ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಕೆಲವೊಮ್ಮೆ ಕಂದು ಕಲೆ. ‘ಇವಳು ಸರಿ ಬ್ರಷ್ ಮಾಡುವುದಿಲ್ಲ’ ಅಂತ ಮಗುವಿಗೆ ಬೈಗುಳ. ಇಂಥ ಕಲೆಗೆ ಹೆಚ್ಚಾಗಿ ಕಾರಣ ಕುಡಿಯುವ ನೀರಿನ ಫ್ಲೋರೈಡ್.

ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಮುರಕಲ್ಲಿನ ನಡುವೆ ತೋಡಿದ ತೆರೆದ ಬಾವಿಯಲ್ಲಿ ಪ್ರತಿ ಮಳೆಗಾಲಕ್ಕೂ ಹೊಸ ನೀರು. ಹಾರೋಹಳ್ಳಿ, ಕನಕಪುರ, ರಾಮನಗರದ ಕಡೆ ಮಳೆ ಅದರ ಮೂರನೇ ಒಂದು ಭಾಗವೂ ಇಲ್ಲ. ಇಲ್ಲಿರುವುದು ಬಂಡೆಯ ನಾಡು. ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕೆ ಕ್ಲೋಸ್‌ಪೇಟೆ ಅನ್ನುವ ಹೆಸರಿತ್ತು. ಸುಮಾರು 250 ಕೋಟಿ ವರ್ಷ ಹಳೆಯ ಇಲ್ಲಿನ ಬಂಡೆಯನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಗ್ರಾನೈಟ್‌ನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬೋರ್‌ವೆಲ್ ಆಳಕ್ಕೆ ಹೋದಷ್ಟೂ, ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ನೀರಿಗೆ ಇಳಿಯುವ ಸಾಧ್ಯತೆ ಜಾಸ್ತಿ. ಎಲ್ಲ ಬೋರ್‌ವೆಲ್‌ನಲ್ಲೂ ಇದೆ ಅಂತಲ್ಲ. ಅಕ್ಕಪಕ್ಕದ ಎರಡು ಬೋರ್‌ವೆಲ್‌ಗಳಲ್ಲೇ ವ್ಯತ್ಯಾಸ ಇರಬಹುದು. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ, ಬೇರೆ ನೀರು ಇಲ್ಲದಿದ್ದರೆ ಗರಿಷ್ಠ 1.5 ಮಿಲಿಗ್ರಾಂ.

ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಹೋದರೆ ಈ ಕಲೆ ಬರುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಬರುವುದಿಲ್ಲ, ಬಂದದ್ದು ಉಜ್ಜಿದರೆ ಹೋಗುವುದೂ ಇಲ್ಲ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಗಟ್ಟಿಯಾಗುತ್ತದೆ ಅಷ್ಟೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಮಾಡಬೇಕಾದ್ದು ಸರಳ: ಬೋರ್‌ವೆಲ್ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯತ್‌ನಲ್ಲಿ ವಿಚಾರಿಸಿದರೆ ಪರೀಕ್ಷೆಯ ದಾರಿ ತಿಳಿಸುತ್ತಾರೆ. ಫ್ಲೋರೈಡ್ ಹೆಚ್ಚಿದ್ದರೆ ಚಿಕ್ಕ ಮಕ್ಕಳಿಗೆ ಕುಡಿಯಲು, ಗಂಜಿ ಬೇಯಿಸಲು, ಹಾಲು ಬೆರೆಸಲು ಆರ್‌ಒ ಘಟಕದಿಂದ ಕ್ಯಾನ್‌ನಲ್ಲಿ ತಂದ ನೀರು ಬಳಸಿ. ತೊಳೆಯಲು, ಸ್ನಾನಕ್ಕೆ ಬೋರ್‌ವೆಲ್ ನೀರೇ ಸಾಕು.

ಈಗಾಗಲೇ ಕಲೆ ಬಂದಿರುವ ಹೆಣ್ಣುಮಕ್ಕಳನ್ನು ಸಂಬಂಧ ನೋಡುವಾಗ ‘ಹಲ್ಲು ಸರಿ ಇಲ್ಲ’ ಅಂತ ಆಡಿಕೊಳ್ಳುವುದನ್ನು ಕೇಳಿದ್ದೇವೆ. ಅದು ಕೊಳಕಲ್ಲ, ರೋಗ ಹರಡುವುದೂ ಇಲ್ಲ. ಕಲೆಯನ್ನು ಮಸುಕು ಮಾಡುವ ಸುಲಭದ ಚಿಕಿತ್ಸೆಗಳು ಇವೆ. ಮದುವೆಯ ಹಿಂದಿನ ವಾರ ಬರುವ ಬದಲು ಎರಡು ತಿಂಗಳು ಮೊದಲೇ ಬಂದರೆ ಒಳ್ಳೆಯದು.

ಅಡಿಕೆಯ ಮಾತು ಆಡಲೇಬೇಕು

ಅಡಿಕೆ ದಕ್ಷಿಣ ಕನ್ನಡಕ್ಕೆ ಅನ್ನ ಕೊಟ್ಟ ಬೆಳೆ. ನಮ್ಮಲ್ಲೂ ತೋಟ ಇರುವವರಿದ್ದಾರೆ, ವ್ಯಾಪಾರ ಮಾಡುವವರಿದ್ದಾರೆ. ಮದುವೆ ಮನೆಯಲ್ಲಿ ಊಟದ ನಂತರ ಎಲೆ ಅಡಿಕೆ ಇಲ್ಲದಿದ್ದರೆ ಹಿರಿಯರಿಗೆ ಊಟ ಮಾಡಿದ ಹಾಗೆಯೇ ಆಗುವುದಿಲ್ಲ. ಮಳೆಗಾಲದ ಸಂಜೆ ಅಜ್ಜಿಯರು ಎಲೆ ಅಡಿಕೆ ಮೆಲ್ಲುತ್ತಾ ಕುಳಿತುಕೊಳ್ಳುವ ಚಿತ್ರ ಎಲ್ಲರ ಮನಸ್ಸಿನಲ್ಲೂ ಇದೆ. ಹಾಗಾಗಿ ಈ ಮಾತು ಆಡುವುದು ಕಷ್ಟ. ಆಡದಿದ್ದರೆ ಇನ್ನೂ ಕಷ್ಟ.

ತಂಬಾಕು ಸೇರಿದ ಎಲೆ ಅಡಿಕೆ ಬಾಯಿಯ ಕ್ಯಾನ್ಸರ್‌ಗೆ ಕಾರಣ ಅನ್ನುವುದು ಹಳೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಇಲ್ಲದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಿಂದ ಬರುವ ಇನ್ನೊಂದು ತೊಂದರೆ, ಬಾಯಿಯ ಒಳಚರ್ಮದ ಕೆಳಗಿನ ಪದರ ನಾರಿನ ಹಾಗೆ ಗಟ್ಟಿಯಾಗಿ ಬಾಯಿ ತೆರೆಯಲಾಗದೆ ಹೋಗುವುದು. 1952ರಲ್ಲಿ ಇದನ್ನು ವೈದ್ಯರು ಮೊದಲು ವಿವರಿಸಿದ್ದು ಕೀನ್ಯಾದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಣ್ಣುಮಕ್ಕಳಲ್ಲಿ. ಊರು ಬಿಟ್ಟು ಸಮುದ್ರ ದಾಟಿದರೂ ಅಭ್ಯಾಸ ಜೊತೆಗೇ ಹೋಗಿತ್ತು.

ಹಾರೋಹಳ್ಳಿಯ ಕಡೆ ಹಳೆಯ ತಲೆಮಾರಿನವರು ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸಿ ಹಾಕುತ್ತಾರೆ. ಹೊಸ ತಲೆಮಾರಿಗೆ ಬಂದಿರುವುದು ಪಾನ್ ಮಸಾಲ ಪ್ಯಾಕೆಟ್ಟು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಈಗ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಬೆರೆಸಿಕೊಳ್ಳುವುದು ಕೈಯಲ್ಲಿ. ಹದಿನೆಂಟು, ಇಪ್ಪತ್ತರ ಹುಡುಗರು ಅಂಗಡಿಯ ಹಿಂದೆ ನಿದ್ದೆ ತಡೆಯಲು ಅಂತ ಶುರು ಮಾಡುತ್ತಾರೆ. ಹದಿನೆಂಟು ಗಂಟೆ ನಿಂತು ಕೆಲಸ ಮಾಡುವ ಹುಡುಗನ ಕೈಗೆ ಆ ಪ್ಯಾಕೆಟ್ ಹೇಗೆ ಬಂತು ಅಂತ ಅಂಗಡಿಯ ಯಜಮಾನರೂ ಒಮ್ಮೆ ಯೋಚಿಸಬೇಕು.

ಒಬ್ಬ ಹುಡುಗನ ಸಂಗತಿ ಹೇಳುತ್ತೇನೆ. ವಯಸ್ಸು ಇಪ್ಪತ್ತೈದು ದಾಟಿಲ್ಲ. ರಮಝಾನ್‌ನ ಮೊದಲ ವಾರ ಬಂದು ‘ಬಿರಿಯಾನಿ ತಿಂದರೆ ಬಾಯಿ ಉರೀತದೆ, ಹುಣ್ಣಿಗೆ ಒಂದು ಮುಲಾಮು ಕೊಡಿ’ ಅಂದ. ನೋಡಿದರೆ ಕೆನ್ನೆಯ ಒಳಗೆ ಬಿಳಿಚಿಕೊಂಡ ಗಟ್ಟಿ ಪಟ್ಟಿಗಳು, ಬಾಯಿಗೆ ಎರಡು ಬೆರಳು ಹೋಗುವುದೇ ಕಷ್ಟ. ಹಗಲು ಉಪವಾಸ ಹಿಡಿಯುತ್ತಿದ್ದ, ಇಫ್ತಾರ್ ಆದ ಕೂಡಲೇ ಪ್ಯಾಕೆಟ್ ಹರಿಯುತ್ತಿದ್ದ. ‘ಹದಿಮೂರು ಗಂಟೆ ಬಿಡಲು ಆಗ್ತದಲ್ಲ ನಿನಗೆ, ಉಳಿದ ಹನ್ನೊಂದು ಗಂಟೆಯೂ ಬಿಡು’ ಅಂದೆವು. ‘ನೋಂಬು ಮುಗಿಯಲಿ ಡಾಕ್ಟ್ರೇ, ಆಮೇಲೆ ನೋಡುವ’ ಅಂದ. ನನ್ನ ಮನೆಯವರು ಬಿಡಲಿಲ್ಲ. ಊರಿನಲ್ಲಿದ್ದ ಅವನ ಉಮ್ಮನಿಗೆ ಅವನಿಂದಲೇ ಫೋನ್ ಮಾಡಿಸಿದರು. ಆ ತಿಂಗಳಿನಲ್ಲೇ ಅವನು ಬಿಟ್ಟ. ಗಟ್ಟಿಯಾದ ಕೆನ್ನೆ ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ, ಆದರೆ ಬಿಟ್ಟವನಿಗೆ ಉರಿ ಇಳಿಯಿತು. ವ್ಯಾಯಾಮ, ಮದ್ದು ನಡೆಯುತ್ತಿದೆ. ಇಂಥ ಬಾಯಿ ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವುದರಿಂದ ಅವನು ನಿಯಮಿತವಾಗಿ ತೋರಿಸುತ್ತಲೇ ಇರಬೇಕು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಇದೆ. ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲಿನ ನಡುವೆ ಹೋಗುತ್ತದಾ ನೋಡಿ. ಹೋಗದಿದ್ದರೆ ದಂತವೈದ್ಯರಿಗೆ ತೋರಿಸಿ. ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ ನೋಡಿ. ಎರಡು ವಾರವಾದರೂ ಮಾಯದ ಹುಣ್ಣು, ಉಜ್ಜಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಗಂಟು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಇವಕ್ಕೆ ಮುಲಾಮು ಹಚ್ಚುತ್ತಾ ಕೂರಬಾರದು. ನೋವಿಲ್ಲ ಅಂತ ಸುಮ್ಮನಿರಲೂಬಾರದು. ಬಾಯಿಯ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಆ ಹಂತದಲ್ಲಿ ಹಿಡಿದರೆ ಗುಣವಾಗುವ ಅವಕಾಶ ದೊಡ್ಡದು. ನಮ್ಮ ಭಾಗದವರಿಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ದೂರವಲ್ಲ.

ಖರ್ಚಿನ ವಿಷಯ

‘ಹಲ್ಲಿನ ಕೆಲಸ ಅಂದರೆ ಸಾವಿರಗಟ್ಟಲೆ’ ಅನ್ನುವುದು ತಡವಾಗಿ ಬಂದವರ ಅನುಭವ. ಚಿಕ್ಕ ತೂತಿಗೆ ಸಿಮೆಂಟ್ ತುಂಬಿಸುವುದು ಒಂದೇ ಸಲಕ್ಕೆ, ಕಡಿಮೆ ಖರ್ಚಿಗೆ ಮುಗಿಯುತ್ತದೆ. ಅದನ್ನೇ ಬಿಟ್ಟರೆ ರೂಟ್ ಕೆನಾಲ್, ಆಮೇಲೆ ಕ್ಯಾಪ್, ಅದನ್ನೂ ಬಿಟ್ಟರೆ ಹಲ್ಲು ಕಿತ್ತು ಇಂಪ್ಲಾಂಟ್. ಪ್ರತಿ ಮೆಟ್ಟಿಲಿಗೂ ಖರ್ಚು ಹಲವು ಪಟ್ಟು.

ಕೈಯಲ್ಲಿ ಹಣ ಇಲ್ಲದವರು ನೋವು ತಿನ್ನುತ್ತಾ ಕೂರಬೇಕಾಗಿಲ್ಲ. ತಾಲೂಕು, ಜಿಲ್ಲಾ ಸರಕಾರಿ ಆಸ್ಪತ್ರೆಗಳಲ್ಲಿ ದಂತ ವಿಭಾಗದ ಬಗ್ಗೆ ವಿಚಾರಿಸಿ. ಬೆಂಗಳೂರಿನಲ್ಲಿ 1958ರಿಂದ ಸರಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಖಾಸಗಿ ದಂತ ಕಾಲೇಜುಗಳಲ್ಲೂ ಹೊರಗಿನ ಕ್ಲಿನಿಕ್‌ಗಿಂತ ಕಡಿಮೆ ದರ ಇರುತ್ತದೆ, ಸಮಯ ಮಾತ್ರ ಸ್ವಲ್ಪ ಹೆಚ್ಚು ಬೇಕು. ಹಲ್ಲೆಲ್ಲ ಉದುರಿದ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ‘ದಂತ ಭಾಗ್ಯ’ ಯೋಜನೆಯನ್ನು ರಾಜ್ಯ ಸರಕಾರ ತಂದಿದೆ. ಹತ್ತಿರದ ಸರಕಾರಿ ಆಸ್ಪತ್ರೆಯ ದಂತವೈದ್ಯರಲ್ಲಿ ಕೇಳಿ. ಹಲ್ಲಿಲ್ಲದ ಅಜ್ಜನಿಗೆ ಪತ್ತಿರಿಯನ್ನು ಸಾರಿನಲ್ಲಿ ನೆನೆಸಿ ಕೊಡುವ ಬದಲು, ಎಲ್ಲರ ಜೊತೆ ಕೂತು ಜಗಿದು ತಿನ್ನುವ ಹಾಗೆ ಮಾಡಬಹುದು. ಸೆಟ್ ಹಾಕಿಕೊಂಡವರು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿ ಇಟ್ಟು ಮಲಗಬೇಕು.

ಗರ್ಭಿಣಿಯರ ವಸಡಿನಲ್ಲಿ ರಕ್ತ ಬಂದರೆ ‘ಹೆರಿಗೆ ಆಗಲಿ’ ಅಂತ ಮುಂದೂಡಬೇಡಿ. ನಾಲ್ಕರಿಂದ ಆರನೇ ತಿಂಗಳ ನಡುವೆ ಹಲ್ಲು ಸ್ವಚ್ಛ ಮಾಡಿಸುವುದು, ತುಂಬಿಸುವುದು ಸುರಕ್ಷಿತ. ಗರ್ಭಿಣಿ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಶಅಬಾನ್‌ನಲ್ಲಿ ಒಂದು ದಿನ

ರಮಝಾನ್‌ಗೆ ಮುಂಚೆ ನಮ್ಮ ಮನೆಗಳಲ್ಲಿ ಆಗುವ ಕೆಲಸ ನೋಡಬೇಕು. ಅಟ್ಟದ ಮೇಲಿನ ಪಾತ್ರೆ ಕೆಳಗಿಳಿಯುತ್ತದೆ, ಗೋಡೆ ಒರೆಸುತ್ತಾರೆ, ಮುಸಲ್ಲಾ ತೊಳೆದು ಒಣಗಿಸುತ್ತಾರೆ, ಅಕ್ಕಿ ಹಿಟ್ಟು, ಮೆಣಸಿನ ಪುಡಿ ಡಬ್ಬಿ ತುಂಬುತ್ತದೆ. ತಿಂಗಳು ನೆಮ್ಮದಿಯಾಗಿ ಸಾಗಲಿ ಅಂತ ಮನೆಯನ್ನು ಮೊದಲೇ ಸಿದ್ಧ ಮಾಡುವ ಈ ಪದ್ಧತಿಗೆ ಒಂದನ್ನು ಸೇರಿಸಿಕೊಳ್ಳಿ. ಶಅಬಾನ್ ತಿಂಗಳಲ್ಲಿ ಒಂದು ದಿನ ಮನೆಯವರೆಲ್ಲ ಬಾಯಿ ತೋರಿಸಿಕೊಂಡು ಬನ್ನಿ. ಅಜ್ಜ, ಅಜ್ಜಿ, ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗರು, ಮೊದಲ ಹುಟ್ಟುಹಬ್ಬ ದಾಟಿದ ಮಗು, ಎಲ್ಲರೂ. ಹಿಜರಿ ತಿಂಗಳು ನೆನಪಿಡುವ ಮನೆಗೆ ಈ ದಿನ ಮರೆಯುವುದಿಲ್ಲ. ವರ್ಷಕ್ಕೊಮ್ಮೆಯ ತಪಾಸಣೆ ತಾನಾಗಿ ಆಗಿಹೋಗುತ್ತದೆ.

ಆ ದಿನ ಚಿಕ್ಕ ತೂತು ಸಿಕ್ಕರೆ ಅಲ್ಲೇ ತುಂಬಿಸಿಕೊಂಡು ಬರಬಹುದು. ಕೀಳಬೇಕಾದ ಹಲ್ಲು ಇದ್ದರೆ ಉಪವಾಸಕ್ಕೆ ಮುಂಚೆ ಗಾಯ ಮಾಯುತ್ತದೆ. ಮಾಯದ ಹುಣ್ಣು ಸಿಕ್ಕರೆ ಒಂದು ತಿಂಗಳು ಉಳಿಯಿತು, ಆ ಒಂದು ತಿಂಗಳಿಗೆ ಕೆಲವೊಮ್ಮೆ ಜೀವದ ಬೆಲೆ ಇರುತ್ತದೆ. ಶಅಬಾನ್ ಈಗಾಗಲೇ ದಾಟಿದ್ದರೆ ಮುಂದಿನ ಶಅಬಾನ್‌ಗೆ ಕಾಯಬೇಡಿ. ಈ ವಾರ ಅಂಗಡಿಗೆ ರಜೆ ಯಾವ ಹೊತ್ತಿಗೆ ಅಂತ ನೋಡಿಕೊಂಡು, ಹತ್ತಿರದ ದಂತವೈದ್ಯರಿಗೆ ಒಂದು ಫೋನ್ ಮಾಡಿ.